ಮಲೆನಾಡಿನ ಮಳೆಯಲ್ಲಿ ಕಾಕಟೀಲ್‌ಗಳ ಹೊಟ್ಟೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕಾಕಟೀಲ್‌ಗಳಿವೆ. ತೋಟಕ್ಕೆ ಬರುವ ನಮ್ಮೂರ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅವು ಮರದ ಮೇಲೇ ಇರಲಿ. ಕಾಕಟೀಲ್ ಗಿಳಿ ಬಳಗದ್ದೇ ಆದರೂ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ. ಹುಲ್ಲಿನ ಬೀಜ ಹೆಕ್ಕುತ್ತ ಬಲುದೂರ ಹಾರುವ ಜೀವ. ಅದನ್ನು ಆರಿದ್ರಾ ಮಳೆ ಹಿಡಿದರೆ ಬಟ್ಟೆಯೂ ಒಣಗದ ಊರಲ್ಲಿ ಇಟ್ಟುಕೊಂಡಿದ್ದೇವೆ ಅಂದಮೇಲೆ ಅದರ ಹೊಟ್ಟೆ ನೋಡಿಕೊಳ್ಳುವ ಹೊಣೆ ನಮ್ಮದೇ.

ಇವುಗಳಲ್ಲಿ ಒಂದು ಹೆಣ್ಣು ಶಿವಮೊಗ್ಗದ ನೆಂಟರ ಮನೆಯಿಂದ ಬಂದದ್ದು. ಅಲ್ಲಿ ಅದಕ್ಕೆ ಹೊತ್ತು ಹೊತ್ತಿಗೂ ಸೂರ್ಯಕಾಂತಿ ಬೀಜ, ಆಗೀಗ ಹಾಲನ್ನ. ಸೂರ್ಯಕಾಂತಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಎ ಜೀವಸತ್ವ ಇಲ್ಲವೆಂಬಷ್ಟು ಕಡಿಮೆ, ಕ್ಯಾಲ್ಸಿಯಂ ಸಾಲದು. ಎ ಜೀವಸತ್ವ ಸಿಗದಿದ್ದರೆ ಬಾಯಿ, ಅನ್ನನಾಳದ ಒಳಪೊರೆ ಗಡುಸಾಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ಹಾಲಿನ ಸಕ್ಕರೆಯಂತೂ ಹಕ್ಕಿಗೆ ಅರಗುವುದೇ ಇಲ್ಲ. ಬಂದಾಗ ಅದರ ತಲೆಯ ಗರಿಗಳು ಅಂಟಂಟಾಗಿದ್ದವು, ಬಾಯಿಂದ ಹುಳಿ ವಾಸನೆ. ತಿಂದದ್ದನ್ನು ಕಕ್ಕಿ ತಲೆ ಕೊಡವುತ್ತಿತ್ತು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆವು. ಹಿಕ್ಕೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಿಡಿಸಿ ರೋಗಾಣು ಗುರುತಿಸುವ ಗ್ರಾಂ ಸ್ಟೈನ್ ಪರೀಕ್ಷೆ ಮಾಡಿದರು. ಆರೋಗ್ಯವಾಗಿರುವ ಗಿಳಿಯ ಕರುಳಲ್ಲಿ ನೇರಳೆ ಬಣ್ಣ ಹಿಡಿಯುವ ಬ್ಯಾಕ್ಟೀರಿಯಾಗಳೇ ಹೆಚ್ಚು. ಇದರಲ್ಲಿ ಮೊಗ್ಗೊಡೆಯುತ್ತಿದ್ದ ಯೀಸ್ಟ್ ಎಂಬ ಶಿಲೀಂಧ್ರ ತುಂಬಿತ್ತು. ಶಿಲೀಂಧ್ರದ ಔಷಧ ಬರೆದ ಡಾಕ್ಟರು, “ಮೇವು ಬದಲಾಗದಿದ್ದರೆ ಇದು ಮತ್ತೆ ಬರುತ್ತೆ” ಅಂದರು. ಹೊಟ್ಟೆ ಕೆಟ್ಟಿತೆಂದು ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಕುಡಿಸುವವರು ನಮ್ಮಲ್ಲಿ ತುಂಬಾ ಇದ್ದಾರೆ. ಯೀಸ್ಟ್‌ಗೆ ಅದು ಏನೂ ಮಾಡದು. ಯೀಸ್ಟನ್ನು ಹದ್ದುಬಸ್ತಿನಲ್ಲಿಟ್ಟಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಕೊಂದು ರೋಗ ಬಲಿಸುತ್ತದೆ.

ಮೇವನ್ನು ಒಮ್ಮೆಲೇ ಬದಲಿಸಲಿಲ್ಲ. ಗೊತ್ತಿಲ್ಲದ್ದನ್ನು ಗಿಳಿ ತಿನಿಸೆಂದೇ ತಿಳಿಯದು, ಮುಂದೆ ಬಟ್ಟಲು ತುಂಬಿದ್ದರೂ ಉಪವಾಸ ಬೀಳುತ್ತದೆ. ಬೆಳಿಗ್ಗೆ ಹಸಿದಿರುವಾಗ ತೊಳೆದು ನೀರು ಸೋರುವ ನುಗ್ಗೆಸೊಪ್ಪಿನ ಕಡ್ಡಿಯನ್ನು ಪಂಜರಕ್ಕೆ ಕಟ್ಟಿದೆ. ಮೊದಮೊದಲು ಆ ನೀರಲ್ಲಿ ಮೈ ನೆನೆಸಿಕೊಂಡಿತು ಅಷ್ಟೆ. ಪಕ್ಕದ ಪಂಜರದವು ಎಲೆ ಚೂರು ಮಾಡುವುದನ್ನು ನೋಡಿ ನೋಡಿ ತಾನೂ ಕೊಕ್ಕು ಹಾಕಿತು. ಆಮೇಲೆ ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ, ಪೆಲೆಟ್ ಎಂಬ ಗುಳಿಗೆಯಂಥ ಸಿದ್ಧ ಮೇವು. ಪಾಲಕ್, ಹರಿವೆ ದಿನಾ ಕೊಡುವುದಿಲ್ಲ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶವು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಕಾಳು ಪೂರ್ತಿ ಬಿಡಿಸಿಲ್ಲ, ಅದು ಕಾಳು ತಿನ್ನುವ ಜಾತಿಯೇ. ಸಂಜೆ ಅಳೆದು ನವಣೆ ಕೊಡುತ್ತೇನೆ.

ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ನಮ್ಮವು 90 ಗ್ರಾಂ ಆಸುಪಾಸು. 8-9 ಗ್ರಾಂ ಇಳಿಯಿತೆಂದರೆ ಪ್ರಯೋಗ ನಿಲ್ಲಿಸಿ ಹಳೇ ಕಾಳು ಕೊಡಲೇಬೇಕು. ಪಂಜರದ ತಟ್ಟೆಯ ಕಾಗದವನ್ನೂ ನೋಡುತ್ತೇನೆ: ಹಿಕ್ಕೆಯಲ್ಲಿ ಹಸಿರು ಮಲ, ಬಿಳಿ ಯೂರೇಟ್ (ಮೂತ್ರದ ಗಟ್ಟಿ ಅಂಶ), ತಿಳಿ ಮೂತ್ರ ಬೇರೆಬೇರೆಯಾಗಿ ಕಾಣಬೇಕು. ಕಡುಹಸಿರಾಗಿ ಚೂರೇ ಚೂರು ಬಿದ್ದಿದ್ದರೆ ಹಕ್ಕಿ ತಿಂದಿಲ್ಲ ಎಂದರ್ಥ. ಸಾಗರದಿಂದ ಒಬ್ಬರು, “ಅಣ್ಣ, ಸೌತೆಕಾಯಿ ಕೊಟ್ಟೆ, ಭೇದಿ ಹಿಡೀತು” ಅಂತ ಫೋನ್ ಮಾಡಿದ್ದರು. ಮಲ ಗಟ್ಟಿಯಾಗಿಯೇ ಇದ್ದು ಸುತ್ತ ನೀರು ಹೆಚ್ಚಿದ್ದರೆ ಅದು ಭೇದಿಯಲ್ಲ, ಮೂತ್ರ.

ಮಳೆಗಾಲದಲ್ಲಿ ನನಗೆ ಹೆಚ್ಚು ಭಯ ಬೂಸ್ಟಿನದು. ಕಡಲೆಕಾಯಿ ಬೀಜ ಕೊಡುವುದನ್ನೇ ಬಿಟ್ಟಿದ್ದೇನೆ. ಅದರ ಮೇಲೆ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ಯಕೃತ್ತು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ನವಣೆಯನ್ನು ಸ್ವಲ್ಪಸ್ವಲ್ಪವೇ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡುತ್ತೇನೆ. ಮೊಳಕೆ ಹೆಸರುಕಾಳನ್ನು ಮೂಸಿ ನೋಡುತ್ತೇನೆ, ಲೋಳೆ ಅಥವಾ ಹುಳಿ ವಾಸನೆ ಬಂದರೆ ಗೊಬ್ಬರಗುಂಡಿಗೆ. ಹಸಿ ತಿನಿಸಿನ ಬಟ್ಟಲನ್ನು ಮಧ್ಯಾಹ್ನದವರೆಗೆ ಬಿಡುವುದೇ ಇಲ್ಲ.