ನುಡಿ ಫೈಲಿಗೆ ಮಾತು ಬರಿಸಿದ್ದು: ನನ್ನ ಅನುಭವ

ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲನ್ನು ಎನ್‌ವಿಡಿಎ ಅನ್ನುವ, ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶದ ಕೈಗೆ ಕೊಟ್ಟರೆ ಏನಾಗುತ್ತದೆ ಗೊತ್ತೇ? ಪರದೆ ಮೇಲೆ ‘ಕನ್ನಡ’ ಅಂತ ಕಾಣುತ್ತದೆ, ಒಳಗಿರುವುದು ಬರೀ ಇಂಗ್ಲಿಷ್ ಗುರುತು. ‘ಪಿ, ಎ, ಪೌಂಡ್, ಎ’ ಅಂತ ಓದುತ್ತ ಹೋಗುತ್ತದೆ. ವಿಜಯಪುರದ ನಮ್ಮ ಲ್ಯಾಬಿನಲ್ಲಿ ಮೊದಲ ಸಲ ಹೀಗೆ ಕೇಳಿಸಿದಾಗ, ಕನ್ನಡ ಎಂಎ ಓದುವ ಇಂಡಿ ತಾಲ್ಲೂಕಿನ ಕಡೆಯ ಹುಡುಗಿ, “ಸರ್, ಇದು ನನಗ ಬೈಯಾಕತ್ತೈತೇನ್ರಿ?” ಅಂತ ಕೇಳಿದಳು. ಆಕೆಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಕೆಯ ಎರಡು ವರ್ಷದ ನೋಟ್ಸೆಲ್ಲ ನುಡಿಯಲ್ಲೇ ಟೈಪಾದದ್ದು, ಆದರೆ ಕೈಯಲ್ಲಿದ್ದದ್ದು ಬರೀ ಜೆರಾಕ್ಸ್.

ಇಂಥ ನೋಟ್ಸನ್ನು ಓದುವಂತೆ ಮಾಡುವುದೇ ನನ್ನ ಸಂಶೋಧನೆ ಅಂದಾಗ, “ಟೈಪ್ ಮಾಡಿಸಿ ಮುಗಿಸ್ರಿ, ಇದೇನು ಸಂಶೋಧನೆ?” ಅಂದವರು ಒಬ್ಬಿಬ್ಬರಲ್ಲ. ಸರಿ, ಅದನ್ನೂ ಮಾಡಿ ನೋಡಿದೆ. ಪುಟಕ್ಕೆ 20 ರೂಪಾಯಿ, 180 ಪುಟ. ಜೊತೆಗೆ ತಪ್ಪು ತಿದ್ದಿದವರಿಗೆ ಬೇರೆ ಕೊಟ್ಟೆ. ಒಟ್ಟು 5 ಸಾವಿರದ ಹತ್ತಿರ ಹೋಯಿತು. ನನಗಿದ್ದ ಸಣ್ಣ ಅನುದಾನವೇ 25 ಸಾವಿರ. ಅದೂ ಆಕೆಯ ಒಂದೇ ಪೇಪರಿನ ನೋಟ್ಸು! ಮೇಲಾಗಿ ಟೈಪ್ ಮಾಡಿದವನು ಅನುಸ್ವಾರದ ಸೊನ್ನೆ ಬರಬೇಕಾದ ಕಡೆಯೆಲ್ಲ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದ. ‘ಸಂಸ್ಥೆ’ ಮತ್ತು ‘ಸ೦ಸ್ಥೆ’ ನಮ್ಮ ಕಣ್ಣಿಗೆ ಒಂದೇ. ಓದುವ ತಂತ್ರಾಂಶಕ್ಕೆ ಅಲ್ಲ. ಅದು ಪದದ ನಡುವೆ ನಿಂತು ಅಂಕಿ ಓದುತ್ತದೆ.

ಆಮೇಲೆ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಹಿಡಿದೆ. ಹಳೇ ಸ್ಕ್ಯಾನರ್ ಒಂದನ್ನು 3,200ಕ್ಕೆ ತಂದೆ. ಜೆರಾಕ್ಸಿನ ಜೆರಾಕ್ಸ್ ಮಾಡಿದ ನೋಟ್ಸಿನಲ್ಲಿ ಒತ್ತಕ್ಷರ ಉಳಿದರೆ ತಾನೇ? ಪುಟಕ್ಕೆ 15-20 ತಪ್ಪು. ಎರಡು ತಿಂಗಳು ಅದರಲ್ಲೇ ಕಳೆದೆ. ಒಂದು ದಿನ ಸುಮ್ನೆ ಯೋಚನೆ ಬಂತು: ಈ ನೋಟ್ಸು ಯಾವುದೋ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲಾಗಿ ಇದ್ದೇ ಇರುತ್ತದೆ. ಅದನ್ನು ಬಿಟ್ಟು ನಾನು ಅದರ ಫೋಟೋ ತೆಗೆದು, ಮತ್ತೆ ಅಕ್ಷರ ಹುಡುಕುತ್ತಾ ಕೂತಿದ್ದೇನಲ್ಲ!

ಡಿಟಿಪಿ ಅಂಗಡಿಯವರು ಮೊದಲು ಒಪ್ಪಲಿಲ್ಲ. “ಫೈಲ್ ಕೊಟ್ರ ನಾಳೆ ನಮ್ಮ ಮ್ಯಾಲ ಕೇಸ್ ಹಾಕ್ತಾರ್ರಿ” ಅಂದರು. ಓದಲು ಆಗದವರಿಗಾಗಿ, ಲಾಭಕ್ಕಲ್ಲದೆ ಪುಸ್ತಕದ ರೂಪ ಬದಲಿಸಬಹುದು ಅಂತ 2012ರಲ್ಲಿ ಕಾಪಿರೈಟ್ ಕಾಯ್ದೆಯ 52ನೇ ಕಲಮಿಗೆ ಸೇರಿಸಿದ್ದಾರೆ. ಅದನ್ನು ಪ್ರಿಂಟ್ ತೆಗೆದು ತೋರಿಸಿದೆ. ಅವರು ಓದಲಿಲ್ಲ. ಆದರೆ ಕಾಗದ ನೋಡಿ ಧೈರ್ಯ ಬಂತು, ಪೆನ್‌ಡ್ರೈವ್ ಕೊಟ್ಟರು.

ಈಗ ಅಸಲು ಕೆಲಸ. ನುಡಿಯ ಯಾವ ಗುರುತಿಗೆ ಯೂನಿಕೋಡಿನ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಯಾವ ಅಕ್ಷರ ಅನ್ನುವ ಪಟ್ಟಿ ನನ್ನದಲ್ಲ, ನೆಟ್ಟಿನಲ್ಲಿ ಮೊದಲೇ ಇತ್ತು. ಆದರೆ ಪಟ್ಟಿ ನೋಡಿ ಒಂದೊಂದೇ ಬದಲಿಸಿದರೆ ‘ಮನೆ’ ಹೋಗಿ ‘ವುನೆ’ ಆಗುತ್ತದೆ. ಯಾಕೆಂದರೆ ನುಡಿಗೆ ‘ಮ’ ಅಂದರೆ ‘ವ’ಕ್ಕೆ ಬಾಲ ಹಚ್ಚಿದ್ದು, ಅಷ್ಟೇ. ‘ಮತ್ತು’ ಬರೆದರೆ ಕೊಂಬು ಮೊದಲು, ಒತ್ತು ಆಮೇಲೆ ಕೂತಿರುತ್ತದೆ. ಯೂನಿಕೋಡಿಗೆ ಇದರ ಉಲ್ಟಾ ಬೇಕು. ‘ಸೂರ್ಯ’ದ ಅರ್ಕಾವೊತ್ತು ಕೊನೆಯಲ್ಲಿ ಇರುತ್ತದೆ, ಅದನ್ನು ಎತ್ತಿ ‘ಯ’ಕ್ಕಿಂತ ಮೊದಲು ತರಬೇಕು. ಒತ್ತಿನ ಜೊತೆ ಅರ್ಕಾವೊತ್ತೂ ಬಂದರೆ ಎಷ್ಟು ಹಿಂದಕ್ಕೆ ಹೋಗಬೇಕು? ಇದಕ್ಕೆ ನಾನು ಬರೆದ ನಿಯಮ 4 ಸಾಲಿನದು, 3 ವಾರ ತಿಂದಿತು. ಅದು ಸದ್ಯ ನನ್ನ ಹತ್ತಿರವೇ ಇರಲಿ, ಪ್ರಬಂಧ ಅಚ್ಚಾದ ಮೇಲೆ ಎಲ್ಲರಿಗೂ.

ಇನ್ನೊಂದು ಪೆಟ್ಟು ಇಂಗ್ಲಿಷಿನದು. ಇಡೀ ಫೈಲನ್ನು ಒಟ್ಟಿಗೇ ಬದಲಿಸಿದಾಗ ನಡುವಿನ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡ ಆಗಿಬಿಟ್ಟವು. ಪರಿಹಾರ ಸುಲಭ ಇತ್ತು, ಹೊಳೆದದ್ದು ತಡ. ವರ್ಡ್ ಫೈಲಿನೊಳಗೆ ಪ್ರತಿ ತುಣುಕಿಗೂ ಫಾಂಟಿನ ಹೆಸರು ಇರುತ್ತದೆ ಅಲ್ವಾ? ಹೆಸರು ನುಡಿ ಅಂತಿದ್ದರೆ ಮಾತ್ರ ಮುಟ್ಟು, ಇಲ್ಲದಿದ್ದರೆ ಬಿಡು. ಸುಮ್ನೆ ಕಾಪಿ ಮಾಡಿ ಅಂಟಿಸುವ ಪರಿವರ್ತಕಗಳಿಗೆ ಇದು ಆಗುವುದಿಲ್ಲ. ಟೇಬಲ್ಲು, ತಲೆಬರಹ ಎಲ್ಲ ಇದ್ದಲ್ಲೇ ಉಳಿದವು. ಈಗ ಪುಟಕ್ಕೆ ಒಂದೋ ಎರಡೋ ತಪ್ಪು. ಟೈಪ್ ಮಾಡಿಸಿ ಅಂದವರೇ ಈಗ ತಮ್ಮ ಹಳೇ ಥೀಸಿಸ್ ಫೈಲು ಕಳಿಸುತ್ತಿದ್ದಾರೆ. 2 ಸಾವಿರ ಪುಟ ದಾಟಿದೆ.

ದನಿಯ ವಿಷಯದಲ್ಲಿ ನಾನೇ ಮೂರ್ಖನಾದೆ. ಕಂಪ್ಯೂಟರಿಗೆ ದನಿ ಕೊಡುವ ಈಸ್ಪೀಕ್ ತಂತ್ರಾಂಶದ ಕನ್ನಡ ತಗಡು ಬಡಿದಂತೆ ಕೇಳುತ್ತದೆ ಅಂತ, ಒಳ್ಳೆ ಕಂಠದವರನ್ನು ಕರೆಸಿ 6 ಪಾಠ ಓದಿಸಿ ರೆಕಾರ್ಡ್ ಮಾಡಿಸಿದೆ. 4 ಸಾವಿರ ಕೊಟ್ಟೆ. ಲ್ಯಾಬಿನ ಕಣ್ಣು ಕಾಣದ ಹುಡುಗರು ಒಂದು ವಾರ ಕೇಳಿ ಮತ್ತೆ ಈಸ್ಪೀಕಿಗೇ ಹೋದರು. ಅವರು ಕೇಳುವ ವೇಗದಲ್ಲಿ ನನಗೆ ಒಂದು ಪದವೂ ತಿಳಿಯುವುದಿಲ್ಲ. ಆ ವೇಗಕ್ಕೆ ಮನುಷ್ಯರ ದನಿ ಒಡೆಯುತ್ತದೆ, ತಗಡಿನ ದನಿ ಒಡೆಯುವುದಿಲ್ಲ. ಜೊತೆಗೆ ಒಂದು ಪದಕ್ಕೆ ವಾಪಸ್ ಹೋಗಿ ಅಕ್ಷರ ಬಿಡಿಸಿ ಕೇಳುವುದು ರೆಕಾರ್ಡಿಂಗಿನಲ್ಲಿ ಆಗದ ಮಾತು.

ಸ್ವಲ್ಪ ಕಾಣುವ ಒಬ್ಬ ಹುಡುಗ ಇದ್ದಾನೆ. ಅವನಿಗೆ 24 ಪಾಯಿಂಟಿನಲ್ಲಿ ಪ್ರಿಂಟ್ ಕೊಟ್ಟೆ. “ದೊಡ್ಡದು ಬ್ಯಾಡ್ರಿ ಸರ್, ದಪ್ಪ ಮಾಡ್ರಿ” ಅಂದ. 18ಕ್ಕೆ ಇಳಿಸಿ ಬೋಲ್ಡ್ ಮಾಡಿದೆ. ಕಾಗದವೂ ಉಳಿಯಿತು.

ನಡುವೆ ಗೋಳಗುಮ್ಮಟದ ಹುಚ್ಚು ಹಿಡಿಯಿತು. ಹುಡುಗರೆಲ್ಲ ಒಳಗೆ ಹೋಗಿ ಕೂಗಿ ಪ್ರತಿಧ್ವನಿ ಕೇಳಿದವರೇ. ಆದರೆ ಕೆಳಗೆ ಕಟ್ಟಡ ಚೌಕ ಇದೆ, ನಾಲ್ಕು ಮೂಲೆಗೆ ಏಳು ಅಂತಸ್ತಿನ ಮಿನಾರು ಇವೆ ಅನ್ನುವುದು ಮೂವರಿಗೆ ಗೊತ್ತೇ ಇರಲಿಲ್ಲ. ಬೆರಳಿನಿಂದ ಮುಟ್ಟಿ ತಿಳಿಯಲಿ ಅಂತ, ಮೆಹೆಂದಿ ಕೋನಿಗೆ ಫೆವಿಕಾಲ್ ತುಂಬಿ ಅದರ ಉಬ್ಬು ಚಿತ್ರ ಬಿಡಿಸಿದೆ. ಒಣಗಿದ ಮೇಲೆ ಗೆರೆ ಚಪ್ಪಟೆ. ಮೇಲೆ ರವೆ ಉದುರಿಸಿದೆ, ಮರುದಿನ ಇರುವೆ! ರಂಗೋಲಿ ಪುಡಿ ಬೆರಳಿಗೆ ಅಂಟಿ ಬಂತು. ಕಡೆಗೆ ಗೆದ್ದದ್ದು ಚೀಲ ಹೊಲಿಯುವ ದಾರ, ಅಂಟಿನ ಮೇಲೆ ಒತ್ತಿದ್ದು. ಎರಡು ಗೆರೆ ತೀರಾ ಹತ್ತಿರ ಬಂದರೆ ಬೆರಳಿಗೆ ಒಂದೇ ಆಗುತ್ತದೆ, ಕನಿಷ್ಠ 3 ಮಿಲಿಮೀಟರ್ ಬಿಡಿ. ಖರ್ಚು 40 ರೂಪಾಯಿ.

ಇನ್ನು ತಪ್ಪು ಹುಡುಕುವ ಕೆಲಸ. ಅದನ್ನು ಇಂಡಿ ಕಡೆಯ ಹುಡುಗಿಗೇ ಒಪ್ಪಿಸಿದ್ದೇನೆ. ಒಂದು ತಪ್ಪಿಗೆ 5 ರೂಪಾಯಿ ಅಂತ ಕರಾರು. “ಸರ್, 43ನೇ ಪುಟದಾಗ ಮತ್ತ ಸೊನ್ನಿ ಬಂದೈತ್ರಿ” ಅಂತ ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ. ಮೊದಲ ತಿಂಗಳು ಆಕೆಗೆ 600 ರೂಪಾಯಿ ಕೊಟ್ಟೆ. ಹೋದ ತಿಂಗಳು 85.