ಕರೆಂಟ್ ಹೋದರೆ ಅದರ ಹಿಂದೆ ಇನ್ನೇನೇನು ಹೋಗುತ್ತದೆ? ಹುಡುಕುವುದು ಹೀಗೆ

ಉಡುಪಿಯ ಒಂದು ಆಸ್ಪತ್ರೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮಳೆಗಾಲಕ್ಕೆ ಮುಂಚೆ ಕರೆಂಟ್, ನೀರು, ಡೀಸೆಲ್, ಫೋನ್, ರಸ್ತೆ ಐದನ್ನೂ ಒಟ್ಟಿಗೆ ಪರೀಕ್ಷೆ ಮಾಡುತ್ತೇವೆ. ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ಸರಿ ಇದ್ದ ಹಾಗೇ ಕಾಣುತ್ತದೆ. ಒಂದು ಇನ್ನೊಂದನ್ನು ನಂಬಿಕೊಂಡಿರುವ ಕಡೆಯೇ ಕೈ ಕೊಡುವುದು.

ಲೆಕ್ಕವನ್ನು ಕೊನೆಯಿಂದ ಶುರು ಮಾಡಿ. ನಮ್ಮಲ್ಲಿ ಕೊನೆ ಅಂದರೆ ಡಯಾಲಿಸಿಸ್ ಮೆಷಿನ್. ಒಬ್ಬ ರೋಗಿಗೆ ನಾಲ್ಕು ಗಂಟೆಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ವ್ಯರ್ಥವಾಗಿ ಹೊರಗೆ ಹೋಗುವ ನೀರು ಬೇರೆ. ನಗರಸಭೆಯ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಪಂಪ್ ಆಗಿ ಬರುತ್ತದೆ, ಆ ಪಂಪಿಗೆ ಕರೆಂಟ್ ಬೇಕು. ಬೋರ್‌ವೆಲ್ ಇದೆಯಲ್ಲ ಅಂದರೆ, ಅದರ ಮೋಟಾರಿಗೂ ಕರೆಂಟೇ. ಹೀಗೆ ಹಿಂದಕ್ಕೆ ಹೋಗುತ್ತಾ ದೊಡ್ಡ ಹಾಳೆಯಲ್ಲಿ ಬಾಣ ಎಳೆಯಿರಿ. ಇದು ನಿಂತರೆ ಮುಂದಿನದು ಎಷ್ಟು ಗಂಟೆ ನಡೆಯುತ್ತದೆ ಅಂತ ಪ್ರತಿ ಬಾಣದ ಪಕ್ಕ ಬರೆಯಿರಿ. ಬಾಣಕ್ಕಿಂತ ಈ ಗಂಟೆಯ ಲೆಕ್ಕವೇ ಮುಖ್ಯ.

ಜನರೇಟರ್ ಇದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಹತ್ತಿರ ಹೋಗಿ ನೋಡಿ. ಸ್ಟಾರ್ಟ್ ಮಾಡುವ ಬ್ಯಾಟರಿಯ ಚಾರ್ಜರ್ ಯಾವ ಬೋರ್ಡಿನಲ್ಲಿದೆ? ದೊಡ್ಡ ಟ್ಯಾಂಕಿನಿಂದ ಚಿಕ್ಕ ಟ್ಯಾಂಕಿಗೆ ಡೀಸೆಲ್ ಎತ್ತುವ ಪಂಪಿನ ವೈರ್ ಎಲ್ಲಿಗೆ ಹೋಗಿದೆ? ಅದು ಮೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಸಪ್ಲೈಗೆ ಮಾತ್ರ ಇದ್ದರೆ, ಡೀಸೆಲ್ ತುಂಬಿದ್ದರೂ ಚಿಕ್ಕ ಟ್ಯಾಂಕ್ ಖಾಲಿಯಾದ ಕೂಡಲೇ ಜನರೇಟರ್ ನಿಲ್ಲುತ್ತದೆ. ಡೀಸೆಲ್ ತರುವ ಬಂಕಿನಲ್ಲಿ ಜನರೇಟರ್ ಇದೆಯಾ ಅಂತಲೂ ಕೇಳಿ.

ಆಮೇಲೆ ಸುತ್ತು ಹುಡುಕಿ, ಅಂದರೆ ಬಾಣ ತಿರುಗಿ ಹೊರಟಲ್ಲಿಗೇ ಬರುವ ಜಾಗ. ಲೈನ್ ತುಂಡಾಗಿದೆ ಅಂತ ಹೇಳಲು ಫೋನ್ ಬೇಕು, ಟವರಿಗೆ ಕರೆಂಟ್ ಬೇಕು, ಅಲ್ವಾ? ಇಂಥ ಸುತ್ತು ಎಷ್ಟು ದೊಡ್ಡದಾಗಬಹುದು ಅನ್ನುವುದು 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಂಡಿತು. ಭಾರೀ ಚಳಿಗೆ ಕರೆಂಟ್ ಸಾಲದೆ ಕಡಿತ ಮಾಡಿದಾಗ ಗ್ಯಾಸ್ ಕಳಿಸುವ ಕೆಲವು ಕೇಂದ್ರಗಳಿಗೂ ಕರೆಂಟ್ ಹೋಯಿತು. ಗ್ಯಾಸ್ ಕಡಿಮೆಯಾಗಿ ಗ್ಯಾಸಿನಿಂದ ನಡೆಯುವ ವಿದ್ಯುತ್ ಸ್ಥಾವರಗಳಿಗೆ ಇನ್ನಷ್ಟು ಕಷ್ಟವಾಯಿತು. ನಿಮ್ಮ ಹಾಳೆಯಲ್ಲಿ ಸುತ್ತು ಕಂಡರೆ ಕೆಂಪು ಪೆನ್ನಲ್ಲಿ ಗುರುತು ಹಾಕಿ.

ಹಾಳೆಯಲ್ಲಿ ಕಾಣದ್ದೂ ಇದೆ, ಅದಕ್ಕೆ ನಡೆದೇ ನೋಡಬೇಕು. ಎರಡು ಕಂಪನಿಯ ಇಂಟರ್ನೆಟ್ ಕೇಬಲ್ ಒಂದೇ ಕಂಬದಲ್ಲಿದ್ದರೆ, ಒಂದೇ ಮೋರಿಯ ಅಡಿಯಲ್ಲಿ ಹೋಗಿದ್ದರೆ, ಒಂದು ಮರ ಬಿದ್ದರೂ ಎರಡೂ ಹೋಗುತ್ತವೆ. ಇಂಥದ್ದು ಲೈನ್‌ಮನ್‌ಗೆ, ವಾಲ್ವ್ ತಿರುಗಿಸುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೂರಿಸಿ, ಚಹಾ ಕೊಟ್ಟು, ಕೇಳಿ.

ಕೊನೆಗೆ, ಡಾಕ್ಟರರಿಗೆ ಮೊದಲೇ ಹೇಳಿ, ಮೆಷಿನ್‌ನಲ್ಲಿ ರೋಗಿಗಳಿಲ್ಲದ ಹೊತ್ತು ನೋಡಿ ಮೇನ್ ಆಫ್ ಮಾಡಿ. ಚಿಕ್ಕ ಟ್ಯಾಂಕ್ ಒಮ್ಮೆ ಖಾಲಿಯಾಗುತ್ತಾ ಬಂದು ಮತ್ತೆ ತುಂಬುವಷ್ಟು ಹೊತ್ತಾದರೂ ಜನರೇಟರ್ ಓಡಿಸಿ, ಸುಮ್ನೆ ಐದು ನಿಮಿಷಕ್ಕೆ ನಿಲ್ಲಿಸಬೇಡಿ. ಕಡಿಮೆ ಗಂಟೆ ತಡೆಯುವ, ಜಾಸ್ತಿ ಬಾಣ ಹೊರಡುವ ಜಾಗವನ್ನು ಮೊದಲು ಸರಿ ಮಾಡಿಸಿ. ಲೈನ್‌ಮನ್, ಬಂಕ್, ಟ್ಯಾಂಕರಿನವರ ನಂಬರ್‌ಗಳನ್ನು ಕಾಗದದಲ್ಲಿ ಬರೆದು ಜನರೇಟರ್ ರೂಮಿನ ಬಾಗಿಲಿಗೆ ಅಂಟಿಸಿ.