ಗೋಲ್ಡ್ ಫಿಶ್ ಜೊತೆ ಟ್ಯಾಂಕಲ್ಲಿ ಯಾವ ಮೀನು ಹಾಕ್ಬೋದು?

ಗೋಲ್ಡ್ ಫಿಶ್ ಒಂದೇ ಇದ್ಯಲ್ಲ ಪಾಪ, ಜೊತೆಗೆ ಇನ್ನೆರಡು ಬಣ್ಣದ ಮೀನು ಹಾಕೋಣ ಅಂತ ಎಲ್ರಿಗೂ ಅನ್ಸತ್ತೆ, ಅಂಗಡೀಲಿ ಕೇಳಿದ್ರೆ ಗಪ್ಪಿ, ಮಾಲಿ, ಏಂಜಲ್, ಟೈಗರ್ ಬಾರ್ಬ್ ಯಾವ್ದು ಬೇಕಾದ್ರೂ ಕವರಿಗೆ ಹಾಕಿ ಕೊಟ್ಬಿಡ್ತಾರೆ. ದಯವಿಟ್ಟು ಹಾಗೆ ತರ್ಬೇಡಿ. ಗೋಲ್ಡ್ ಫಿಶ್‌ಗೆ ಒಳ್ಳೇ ಜೊತೆ ಅಂದ್ರೆ ಇನ್ನೊಂದು ಗೋಲ್ಡ್ ಫಿಶ್ಶೇ, ಅದೂ ಅದರದ್ದೇ ಮೈಕಟ್ಟಿನದ್ದು.

ಮೊದ್ಲು ನಿಮ್ ಹತ್ರ ಇರೋದು ಯಾವ್ದು ನೋಡ್ಕೊಳ್ಳಿ. ಮೈ ಉದ್ದ, ಬಾಲ ಒಂದೇ ಇದ್ರೆ ಕಾಮನ್, ಕಾಮೆಟ್ ಇಲ್ಲಾ ಶುಬುಂಕಿನ್, ಇವು ಸಿಕ್ಕಾಪಟ್ಟೆ ಚುರುಕು. ಮೈ ದುಂಡಗಿದ್ದು ಬಾಲ ಜೋಡಿ ಇದ್ರೆ ಒರಾಂಡಾ, ರ್‍ಯುಕಿನ್, ಫ್ಯಾನ್‌ಟೇಲ್ ಥರದ ಫ್ಯಾನ್ಸಿ ಜಾತಿ, ಇವು ನಿಧಾನ. ಎರಡನ್ನೂ ಸೇರಿಸಿ ಬಿಟ್ರೆ ಫ್ಯಾನ್ಸಿ ಮೀನು ಕಾಳಿನ ಹತ್ರ ಬರೋ ಅಷ್ಟ್ರಲ್ಲಿ ಕಾಮೆಟ್ ಎಲ್ಲಾ ತಿಂದು ಮುಗ್ಸಿರತ್ತೆ. ಬ್ಲ್ಯಾಕ್ ಮೂರ್, ಬಬಲ್ ಐ ಅನ್ನೋ ಗೋಲ್ಡ್ ಫಿಶ್ ಇದ್ರೆ ಇನ್ನೂ ಹುಷಾರು, ಅವಕ್ಕೆ ಕಣ್ಣು ಸರಿಯಾಗಿ ಕಾಣಲ್ಲ, ಅವನ್ನ ಅವರದ್ದೇ ಗುಂಪಲ್ಲಿ ಇಡಿ.

ಬೇರೆ ಮೀನು ಯಾಕೆ ಬೇಡ ಅಂದ್ರೆ ಮುಖ್ಯ ಕಾರಣ ನೀರಿನ ಬಿಸಿ. ಗೋಲ್ಡ್ ಫಿಶ್‌ಗೆ 18ರಿಂದ 23 ಡಿಗ್ರಿ ಹಿತ, ಏಂಜಲ್, ಫೈಟರ್ ಇವಕ್ಕೆಲ್ಲ 25ರ ಮೇಲೆ ಬೇಕು, ಹೀಟರ್ ಹಾಕಿದ್ರೆ ಇದಕ್ಕೆ ಕಷ್ಟ, ಹಾಕ್ದಿದ್ರೆ ಅವಕ್ಕೆ ಕಷ್ಟ. ಅದ್ರ ಮೇಲೆ ಟೈಗರ್ ಬಾರ್ಬ್ ಬಾಲ ಕಚ್ಚತ್ತೆ, ಗಪ್ಪಿ ಮರಿನ ಗೋಲ್ಡ್ ಫಿಶ್ಶೇ ನುಂಗತ್ತೆ. ಕೋರಿಡೋರಸ್ ಸಾಧು ಮೀನು ನಿಜ, ಆದ್ರೆ ಅದರ ರೆಕ್ಕೇಲಿ ಮುಳ್ಳಿದೆ, ದೊಡ್ಡ ಗೋಲ್ಡ್ ಫಿಶ್ ಅದನ್ನ ಬಾಯಿಗೆ ಹಾಕ್ಕೊಂಡ್ರೆ ಗಂಟಲಲ್ಲಿ ಸಿಕ್ಕಾಕೊಂಡು ಎರಡೂ ಸಾಯ್ಬೋದು.

ಇನ್ನು ಸಕ್ಕರ್ ಫಿಶ್. ಟ್ಯಾಂಕ್ ಕ್ಲೀನ್ ಮಾಡತ್ತೆ ತಗೊಂಡೋಗಿ ಅಂತ ಎಲ್ಲಾ ಕಡೆ ಹೇಳ್ತಾರೆ, ನನಗೆ ತುಂಬಾ ಬೇಜಾರಾಗೋ ವಿಷ್ಯ ಇದೇ. ಅದು ಬೆಳೀತಾ ಬೆಳೀತಾ ಒಂದಡಿ ದಾಟತ್ತೆ, ಗಲೀಜು ಮಾಡೋದ್ರಲ್ಲಿ ಗೋಲ್ಡ್ ಫಿಶ್‌ಗೇನೂ ಕಮ್ಮಿ ಇಲ್ಲ, ಹಸಿವಾದ್ರೆ ರಾತ್ರಿ ಹೊತ್ತು ಗೋಲ್ಡ್ ಫಿಶ್ ಮೈಗೇ ಅಂಟ್ಕೊಂಡು ಮೇಲಿನ ಲೋಳೆ ಹೀರತ್ತೆ, ಅಲ್ಲಿ ಗಾಯ ಆಗಿ ಇನ್ಫೆಕ್ಷನ್ ಆಗತ್ತೆ. ಈಗಾಗ್ಲೇ ಇದ್ರೆ ಅಂಗಡಿಗೆ ವಾಪಸ್ ಕೊಡಿ, ಕೆರೆಗೆ ಮಾತ್ರ ಬಿಡ್ಬೇಡಿ, ನಮ್ಮ ಕೆರೆ ಹೊಳೆಗಳಲ್ಲಿ ಅದು ಆಗ್ಲೇ ಹರಡಿ ಊರಿನ ಮೀನುಗಳಿಗೆ ತೊಂದ್ರೆ ಕೊಡ್ತಿದೆ.

ಬೇರೆ ಜಾತಿ ಬೇಕೇ ಬೇಕು ಅಂದ್ರೆ ಜೀಬ್ರಾ ಡ್ಯಾನಿಯೋ ಆರೇಳು ಹಾಕಿ ನೋಡ್ಬೋದು, ತಣ್ಣೀರು ತಡ್ಕೊಳತ್ತೆ, ಕೈಗೆ ಸಿಗದಷ್ಟು ಫಾಸ್ಟು, ಆದ್ರೂ ಗೋಲ್ಡ್ ಫಿಶ್ ಬಾಯಿ ದೊಡ್ಡದಾಗಿದ್ರೆ ಬೇಡ. ಮಿಸ್ಟರಿ ಬಸವನಹುಳ ಪರವಾಗಿಲ್ಲ, ಗೋಲ್ಡ್ ಫಿಶ್ ಅದರ ಮೀಸೆ ಕಚ್ತಾ ಇದ್ರೆ ಹುಳನ ತೆಗ್ದಿಡಿ.

ಜಾಗ ಇಲ್ದೆ ಜೊತೆ ತರೋದು ಮಾತ್ರ ಬೇಡ್ವೇ ಬೇಡ. ಮೊದಲ ಫ್ಯಾನ್ಸಿ ಮೀನಿಗೆ 75 ಲೀಟರ್, ಆಮೇಲೆ ಬರೋ ಒಂದೊಂದಕ್ಕೂ 40 ಲೀಟರ್ ಅಂತ ಲೆಕ್ಕ ಇಟ್ಕೊಳ್ಳಿ. ಮಾಮೂಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಲ್ಲಿ 56 ಲೀಟರ್ ಅಷ್ಟೇ ಹಿಡಿಯೋದು, ಅಂದ್ರೆ ಒಂದಕ್ಕೇ ಸಾಲಲ್ಲ. ಕಾಮೆಟ್‌ಗೆ ಇನ್ನೂ ದೊಡ್ದು ಬೇಕು, ಸಾಧ್ಯ ಆದ್ರೆ ತೊಟ್ಟಿ ಮಾಡ್ಸಿ.

ಹೊಸ ಮೀನನ್ನ ತಂದ ದಿನಾನೇ ಒಳಗೆ ಬಿಡ್ದೆ ಎರಡ್ಮೂರು ವಾರ ಬೇರೆ ಟಬ್ಬಲ್ಲಿ ಏರ್ ಪಂಪ್ ಹಾಕಿ ಇಟ್ಟು ಮೈ ಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕಿ ಬರತ್ತಾ ನೋಡಿ. ಬಂದ್ರೆ ಅದು ವೈಟ್ ಸ್ಪಾಟ್ ಕಾಯಿಲೆ, ಔಷಧಿ ಕೊಟ್ಟು ಪೂರ್ತಿ ವಾಸಿ ಆದ್ಮೇಲೇ ಸೇರ್ಸಿ. ಚುಕ್ಕಿ ಬರೀ ಕಿವಿರು ಮುಚ್ಚಳದ ಮೇಲೆ, ಪಕ್ಕದ ರೆಕ್ಕೆಯ ಮುಂದಿನ ಅಂಚಲ್ಲಿ ಸಾಲಾಗಿದ್ದು ಮೀನು ಚೆನ್ನಾಗಿ ತಿಂತಿದ್ರೆ ಅದು ಗಂಡು ಮೀನಿಗೆ ಮರಿ ಮಾಡೋ ಕಾಲದಲ್ಲಿ ಬರೋ ಗುರುತು, ಔಷಧಿ ಹಾಕೋಕೆ ಹೋಗ್ಬೇಡಿ.